ತೆನೆ ಬಂದ ಮೇಲಿನ ಯೂರಿಯಾ

ಜಪಾನಿನಲ್ಲಿ ಒಳ್ಳೆಯ ದರದ ಅಕ್ಕಿ ಬೆಳೆಯುವ ರೈತರಿಗೆ ಒಂದು ವಿಚಿತ್ರ ಭಯವಿದೆ. ಭತ್ತ ತೆನೆ ಬಿಟ್ಟ ಮೇಲೆ ಗದ್ದೆಗೆ ಸಾರಜನಕ ಬೀಳಬಾರದು. ಒಂದು ಕಾಲಕ್ಕೆ ಅಲ್ಲೂ ಕಾಳು ಕಟ್ಟುವ ಹೊತ್ತಿಗೆ ಕೊನೆಯದೊಂದು ಕಂತು ಗೊಬ್ಬರ ಎರಚುವ ರೂಢಿ ಇತ್ತು. ಈಗ ಅದನ್ನು ಬಹುಮಟ್ಟಿಗೆ ಕೈಬಿಟ್ಟಿದ್ದಾರೆ. ಆ ಕಂತಿನಿಂದ ಅಕ್ಕಿಯಲ್ಲಿ ಪ್ರೋಟೀನ್ ಏರುತ್ತದೆ ಎಂಬುದೇ ಅದರ ಮೇಲಿನ ದೂರು. ಪ್ರೋಟೀನ್ ಏರಿದ ಅಕ್ಕಿ ಬೇಯುವಾಗ ನೀರು ಕುಡಿಯಲು ಹಿಂದೇಟು ಹಾಕುತ್ತದೆ, ಅನ್ನ ಗಡುಸಾಗುತ್ತದೆ, ಜಪಾನೀಯರು ಬಯಸುವ ಹೊಳಪೂ ಅಂಟೂ ಕಡಿಮೆಯಾಗುತ್ತವೆ. 1956ರಲ್ಲಿ ಹೆಸರು ಪಡೆದ ಕೊಶಿಹಿಕಾರಿ ತಳಿ ಅಲ್ಲಿ ಇವತ್ತಿಗೂ ರುಚಿಯ ಅಳತೆಗೋಲು. ಅಕ್ಕಿ ಕೊಳ್ಳುವ ಕೇಂದ್ರಗಳಲ್ಲಿ ಕಾಳಿನೊಳಗೆ ಬೆಳಕು ಹಾಯಿಸಿ ಪ್ರೋಟೀನ್ ಅಳೆಯುವ ಯಂತ್ರಗಳಿವೆ. ಅಂಕಿ ಕೆಳಗಿಳಿದಷ್ಟೂ ರೈತನಿಗೆ ಮರ್ಯಾದೆ.

ತಟ್ಟೆಯಲ್ಲಿ ಮೀನು, ಮೊಟ್ಟೆ, ಸೋಯಾ ಇರುವವರು ಅನ್ನದಿಂದ ಪ್ರೋಟೀನ್ ನಿರೀಕ್ಷಿಸಬೇಕಾಗಿಲ್ಲ. ಅನ್ನಕ್ಕೆ ತಿಳಿಸಾರು ಸುರಿದುಕೊಂಡು ಎದ್ದುಹೋಗುವವರ ಲೆಕ್ಕ ಬೇರೆ. ದಿನಕ್ಕೆ 300 ಗ್ರಾಂ ಅಕ್ಕಿ ಉಣ್ಣುವವರೊಬ್ಬರನ್ನು ತೆಗೆದುಕೊಳ್ಳಿ. ಪಾಲಿಶ್ ಆದ ಅಕ್ಕಿಯಲ್ಲಿ ಸುಮಾರು ಶೇ 7ರಷ್ಟು ಪ್ರೋಟೀನ್ ಇದ್ದರೆ ಅವರಿಗೆ ಸಿಗುವುದು 21 ಗ್ರಾಂ. ಅದೇ ಅಕ್ಕಿಯಲ್ಲಿ ಶೇ 10 ಇದ್ದರೆ 30 ಗ್ರಾಂ. ನಡುವಿನ 9 ಗ್ರಾಂ ಎಂದರೆ ಹೆಚ್ಚುಕಡಿಮೆ 40 ಗ್ರಾಂ ತೊಗರಿಬೇಳೆಯ ಪ್ರೋಟೀನ್. ಬೇಳೆಯ ದರ ಗೊತ್ತಿರುವ ಯಾವ ಗೃಹಿಣಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಕ್ಕಿಯ ಪ್ರೋಟೀನ್ ಗುಣದಲ್ಲೂ ಕಡೆಗಣಿಸುವಂಥದ್ದಲ್ಲ. ಅದರ ಬಹುಪಾಲು ಗ್ಲುಟೆಲಿನ್ ಎಂಬ ಬಗೆಯದು. ಗೋಧಿ, ಮೆಕ್ಕೆಜೋಳಗಳಿಗಿಂತ ಇದರಲ್ಲಿ ಲೈಸೀನ್ ಹೆಚ್ಚು.

ಹಾಗಾದರೆ ಒಂದೇ ತಳಿಯ ಅಕ್ಕಿಯಲ್ಲಿ ಪ್ರೋಟೀನ್ ಏರಿಳಿಯುವುದು ಹೇಗೆ? ಗೊಬ್ಬರ ಹಾಕುವ ಹೊತ್ತು ಇಲ್ಲಿ ಮುಖ್ಯ. ನಲವತ್ತೈದು ಕೆಜಿಯ ಯೂರಿಯಾ ಚೀಲದಲ್ಲಿ ಸಾರಜನಕ ಇರುವುದು ಶೇ 46, ಅಂದರೆ ಇಪ್ಪತ್ತು ಕೆಜಿಗಿಂತ ತುಸು ಹೆಚ್ಚು. ನಾಟಿಯ ಹೊತ್ತಿಗೂ ತೆಂಡೆಯೊಡೆಯುವಾಗಲೂ ಹಾಕಿದ್ದು ಎಲೆಗೆ, ತೆಂಡೆಗೆ, ತೆನೆಯ ಗಾತ್ರಕ್ಕೆ ಹೋಗುತ್ತದೆ. ಕಾಳಿನ ಸಂಖ್ಯೆ ಹೆಚ್ಚುತ್ತದೆ, ಚೀಲ ಹೆಚ್ಚುತ್ತದೆ. ಆದರೆ ಪೈರು ಹೂ ಬಿಟ್ಟಾದ ಮೇಲೆ ಹೊಸ ತೆಂಡೆ ಬರುವುದಿಲ್ಲ, ತೆನೆ ಉದ್ದವಾಗುವುದಿಲ್ಲ. ಆಗ ಬೇರಿಗೆ ಸಿಕ್ಕ ಸಾರಜನಕಕ್ಕೆ ಕಾಳು ಬಿಟ್ಟರೆ ಬೇರೆ ದಾರಿಯೇ ಇಲ್ಲ. ನೇರ ಹೋಗಿ ಪ್ರೋಟೀನ್ ಆಗುತ್ತದೆ. ಒಟ್ಟು ಯೂರಿಯಾ ಹೆಚ್ಚಿಸಬೇಕಾಗಿಲ್ಲ. ಹೆಚ್ಚಿಸಿದರೆ ಬೆಂಕಿರೋಗವೂ ಕಂದು ಜಿಗಿಹುಳುವೂ ಕರೆಯದೇ ಬರುತ್ತವೆ. ಮೊದಲಿಗೇ ಸುರಿದುಬಿಡುವ ಪಾಲಿನಲ್ಲಿ ಒಂದಿಷ್ಟನ್ನು ಕೊನೆಗೆ ಉಳಿಸಿಕೊಂಡರೆ ಸಾಕು.

ಫಿಲಿಪೀನ್ಸ್‌ನ ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ದಶಕಗಟ್ಟಲೆ ಅಕ್ಕಿಯ ರಸಾಯನವನ್ನೇ ಹಿಡಿದು ಕೂತಿದ್ದ ಬಿಯೆನ್‌ವೆನಿಡೊ ಜುಲಿಯಾನೊ ಮತ್ತು ಸಂಗಡಿಗರು 1990ರ ದಶಕದಲ್ಲಿ ಹೂ ಬಿಡುವ ಹೊತ್ತಿನ ಸಾರಜನಕವನ್ನು ಪರೀಕ್ಷಿಸಿದರು. ಪ್ರೋಟೀನ್ ಏರಿತು, ಅದು ನಿರೀಕ್ಷಿತವೇ. ಜೊತೆಗೆ ಮಿಲ್ಲಿನಲ್ಲಿ ಇಡಿಯಕ್ಕಿಯ ಪಾಲೂ ಏರಿತು. ಪಿಷ್ಟದ ಕಣಗಳ ಸಂದಿನಲ್ಲಿ ಪ್ರೋಟೀನ್ ತುಂಬಿಕೊಂಡ ಕಾಳು ಗಟ್ಟಿಯಾಗಿರುತ್ತದೆ, ಯಂತ್ರಕ್ಕೆ ಸಿಕ್ಕಾಗ ಸುಲಭಕ್ಕೆ ಮುರಿಯುವುದಿಲ್ಲ. ನುಚ್ಚು ಕಡಿಮೆಯಾಗುವುದು ಎಂದರೆ ಮಿಲ್ಲಿನವರಿಗೆ ಕೈಗೆ ಬರುವ ಕಾಸು. ಗಂಗಾವತಿ, ಸಿಂಧನೂರಿನ ಕಡೆ ಇದನ್ನು ಯಾರಾದರೂ ಜೋರಾಗಿ ಹೇಳಬೇಕಿತ್ತು ಎಂದು ನನಗೆ ಅನ್ನಿಸುತ್ತದೆ. ಪೌಷ್ಟಿಕತೆಯ ಹೆಸರಿನಲ್ಲಿ ಮಾರಾಟವಾಗದ ಗೊಬ್ಬರದ ಕಂತು ನುಚ್ಚಿನ ಹೆಸರಿನಲ್ಲಿ ಮಾರಾಟವಾದೀತು.

ಗೊಬ್ಬರಕ್ಕೆ ಇಷ್ಟು ಸಲೀಸಾಗಿ ಬಗ್ಗುವ ಗುಣವೇ ತಳಿ ವಿಜ್ಞಾನಿಗಳಿಗೆ ತಲೆನೋವಾಯಿತು. 1960ರ ದಶಕದ ಕೊನೆಗೆ, ಐಆರ್-8 ಎಂಬ ಗಿಡ್ಡ ತಳಿ ಗದ್ದೆಗಿಳಿದ ಬೆನ್ನಲ್ಲೇ, ಹೆಚ್ಚು ಪ್ರೋಟೀನಿನ ಭತ್ತ ರೂಪಿಸುವ ಕೆಲಸ ಶುರುವಾಯಿತು. ಸಾವಿರಾರು ಮಾದರಿಗಳಲ್ಲಿ ಸಾರಜನಕ ಅಳೆದು 5.95ರಿಂದ ಗುಣಿಸಿ ಪ್ರೋಟೀನ್ ಲೆಕ್ಕ ಹಾಕುವುದು. ಹೆಚ್ಚಿರುವ ಗಿಡ ಆರಿಸುವುದು. ಅದರ ಮಕ್ಕಳನ್ನು ಮತ್ತೆ ಅಳೆಯುವುದು. ಈ ವರ್ಷ ಮೇಲಿದ್ದ ಗಿಡ ಮುಂದಿನ ವರ್ಷ ಕೆಳಗೆ! ಬಿಸಿಲು, ನೀರು, ಗದ್ದೆಯ ಮೂಲೆ, ಗೊಬ್ಬರ ಬಿದ್ದ ದಿನ, ಎಲ್ಲವೂ ಅಂಕಿಯನ್ನು ಅಲುಗಾಡಿಸುತ್ತಿದ್ದವು. ಜೀನಿನ ದನಿ ಕೇಳಿಸದಷ್ಟು ಪರಿಸರದ ಗದ್ದಲ. ಅದರ ಮೇಲೆ ಇಳುವರಿ ಏರಿದರೆ ಪ್ರೋಟೀನ್ ಇಳಿಯುವ ಕಾಟ ಬೇರೆ. ಆ ಪ್ರಯತ್ನ ಹೇಳಿಕೊಳ್ಳುವಂಥ ಫಲ ಕೊಡಲಿಲ್ಲ.

ಫಲ ಕಂಡದ್ದು ಬಹಳ ತಡವಾಗಿ, ನಮ್ಮ ಕಟಕ್‌ನಲ್ಲಿ. ರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯವರು ಈಶಾನ್ಯ ಭಾರತದಿಂದ ಹಿಂದೆಯೇ ಸಂಗ್ರಹಿಸಿಟ್ಟಿದ್ದ ಎಆರ್‌ಸಿ 10075 ಎಂಬ ನಾಡತಳಿಯ ಗುಣವನ್ನು ರೈತರಿಗೆ ಪರಿಚಿತವಾದ ‘ನವೀನ್’ ತಳಿಗೆ ತಂದರು. 2016ರಲ್ಲಿ ಸಿಆರ್ ಧಾನ್ 310 ಹೊರಬಂತು. ಪಾಲಿಶ್ ಮಾಡಿದ ಅಕ್ಕಿಯಲ್ಲೇ ಶೇ 10.3 ಪ್ರೋಟೀನ್. ಆ ಎಆರ್‌ಸಿ ಬೀಜವನ್ನು ಅಸ್ಸಾಮಿನ ಸೀಮೆಯಿಂದ ಹೊತ್ತು ತಂದು ಶೀತಕೋಣೆಯಲ್ಲಿಟ್ಟವರಿಗೆ ಅದರ ಉಪಯೋಗ ಗೊತ್ತಿದ್ದಿರಲಾರದು. ಬೀಜಸಂಗ್ರಹ ದಂಡದ ಕೆಲಸ ಎನ್ನುವ ಹಣಕಾಸಿನ ಅಧಿಕಾರಿಗಳಿಗೆ ಕೊಡಲು ಇಷ್ಟು ಚೆಂದದ ಉತ್ತರ ಇನ್ನೊಂದಿಲ್ಲ.

ಮೇಲೆ ಐಆರ್-8ರ ಪ್ರಸ್ತಾಪ ಬಂತು. ಗೊಬ್ಬರ ಮತ್ತು ತಳಿಯನ್ನು ಬೇರೆ ಬೇರೆ ಮಾಡಿ ಮಾತಾಡುವುದು ಕಷ್ಟ ಎಂಬುದಕ್ಕೆ ಅದೇ ಸಾಕ್ಷಿ. ಹಳೆಯ ಎತ್ತರದ ತಳಿಗಳಿಗೆ ಯೂರಿಯಾ ಕೊಟ್ಟರೆ ತೆನೆಯ ಭಾರಕ್ಕೆ ಪೈರು ನೆಲ ಹಿಡಿಯುತ್ತಿತ್ತು. ತೈವಾನಿನ ಗಿಡ್ಡ ತಳಿಯೊಂದರಲ್ಲಿದ್ದ ಒಂದೇ ಒಂದು ಜೀನ್, ವಿಜ್ಞಾನಿಗಳು ಎಸ್‌ಡಿ-1 ಎನ್ನುವುದು, ದಂಟನ್ನು ಕುಳ್ಳಗೆ ಮಾಡಿ ಪೈರನ್ನು ನಿಲ್ಲಿಸಿತು. ಆಮೇಲೆ ಎಷ್ಟು ಯೂರಿಯಾ ಕೊಟ್ಟರೂ ತಡೆದುಕೊಂಡಿತು. ಹಸಿರು ಕ್ರಾಂತಿ ಎಂದು ನಾವು ಕರೆಯುವುದು ಈ ಜೀನಿಗೂ ಆ ಚೀಲಕ್ಕೂ ಆದ ಮದುವೆಯನ್ನು. ನಮ್ಮ ಅಂಗಡಿಗಳಲ್ಲಿ ಸೋನಾ ಮಸೂರಿ ಎಂಬ ಹೆಸರಿನಡಿ ಮಾರಾಟವಾಗುವ ಬಿಪಿಟಿ 5204ಕ್ಕೂ ಗಿಡ್ಡ ತಳಿಯ ರಕ್ತವಿದೆ.

ಆ ಮದುವೆಯಿಂದ ಹಸಿವು ನೀಗಿತು, ಅದರಲ್ಲಿ ಎರಡು ಮಾತಿಲ್ಲ. ಕಾಳಿನೊಳಗೆ ಏನಾಯಿತು ಎಂದು ನೋಡಿದವರು ಕಡಿಮೆ. ಪಶ್ಚಿಮ ಬಂಗಾಳದ ಬಿಧಾನ್ ಚಂದ್ರ ಕೃಷಿ ವಿಶ್ವವಿದ್ಯಾಲಯದ ಸಂಶೋಧಕರು ಬೇರೆ ಬೇರೆ ದಶಕಗಳಲ್ಲಿ ಬಿಡುಗಡೆಯಾದ ತಳಿಗಳನ್ನು ಒಟ್ಟಿಗೆ, ಒಂದೇ ಬಗೆಯ ಮಣ್ಣಿನಲ್ಲಿ ಬೆಳೆದು ನೋಡಿದರು. 1960ರ ದಶಕದ ತಳಿಗಳ ಕಾಳಿನಲ್ಲಿ ಕೆಜಿಗೆ 27.1 ಮಿಲಿಗ್ರಾಂ ಸತು ಇದ್ದರೆ 2000ದ ದಶಕದವುಗಳಲ್ಲಿ 20.6. ಕಬ್ಬಿಣವೂ ಇಳಿದಿತ್ತು. ಮಣ್ಣು ಬಡವಾಯಿತು ಎಂದು ಹೇಳಿ ಪಾರಾಗುವಂತಿಲ್ಲ, ಮಣ್ಣು ಒಂದೇ. ಪಿಷ್ಟ ತುಂಬುವ ಶಕ್ತಿಯನ್ನು ನಾವು ಆರಿಸಿ ಆರಿಸಿ ಬೆಳೆಸಿದ್ದೇವೆ, ಖನಿಜ ಹೀರುವ ಶಕ್ತಿಯತ್ತ ತಿರುಗಿಯೂ ನೋಡಿಲ್ಲ. ನೆಂಟರು ಹೆಚ್ಚಾದಂತೆ ಮಜ್ಜಿಗೆಗೆ ನೀರು ಬೆರೆಸುತ್ತ ಹೋದ ಹಾಗೆ.

ಸತುವಿನ ಕತೆ ಇನ್ನೂ ಸ್ವಾರಸ್ಯದ್ದು. ಪಂತನಗರದ ಸುತ್ತಲಿನ ತರಾಯಿ ಗದ್ದೆಗಳಲ್ಲಿ ಭತ್ತದ ಎಲೆಗಳು ತುಕ್ಕು ಹಿಡಿದಂತಾಗಿ ಪೈರು ಕುಂಠಿತವಾಗುತ್ತಿತ್ತು. ಸ್ಥಳೀಯರು ಖೈರಾ ಎನ್ನುತ್ತಿದ್ದ ಇದು ರೋಗಾಣುವಿನ ಕೆಲಸವಲ್ಲ, ಮಣ್ಣಿನಲ್ಲಿ ಸತುವಿನ ಕೊರತೆ ಎಂದು ಸಸ್ಯರೋಗ ತಜ್ಞ ವೈ. ಎಲ್. ನೇನೆ 1966ರಲ್ಲಿ ತೋರಿಸಿಕೊಟ್ಟರು. ಅಲ್ಲಿಂದ ಎಕರೆಗೆ ಇಷ್ಟು ಸತುವಿನ ಸಲ್ಫೇಟ್ ಎಂಬ ಶಿಫಾರಸು ದೇಶದ ತುಂಬ ಹರಡಿತು. ಭತ್ತದ ಗದ್ದೆಗೆ ಈ ತೊಂದರೆ ಹೆಚ್ಚು. ನೀರು ನಿಂತ ಮಣ್ಣಿನಲ್ಲಿ ಆಮ್ಲಜನಕ ಇರುವುದಿಲ್ಲ; ಸತು ಗಂಧಕದೊಂದಿಗೂ ಕಾರ್ಬೊನೇಟಿನೊಂದಿಗೂ ಸೇರಿಕೊಂಡು ಬೇರಿಗೆ ಸಿಗದ ಹಾಗೆ ಬೀಗ ಹಾಕಿಕೊಳ್ಳುತ್ತದೆ. ಮಣ್ಣಿನಲ್ಲಿ ಇದ್ದೂ ಇಲ್ಲದ ಸ್ಥಿತಿ. ಮೇಲಿಂದ ಡಿಎಪಿ ಹೆಚ್ಚಾದರೆ ರಂಜಕವೂ ಸತುವಿಗೆ ಎದುರಾಳಿ. ಅಷ್ಟು ಸಾಲದೆಂಬಂತೆ ಕಾಳಿನಲ್ಲಿ ರಂಜಕ ಫೈಟೇಟ್ ರೂಪದಲ್ಲಿ ಕೂತು, ನಮ್ಮ ಕರುಳಿನಲ್ಲಿ ಸತು-ಕಬ್ಬಿಣಗಳನ್ನು ಕಟ್ಟಿಹಾಕುತ್ತದೆ.

ಮಣ್ಣಿಗೆ ಸತು ಹಾಕಿದರೆ ಅನ್ನಕ್ಕೆ ಸತು ಬರುತ್ತದೆ ಎಂದು ನೀವು ಅಂದುಕೊಂಡರೆ ಅದು ಸಹಜ. ಬರುವುದು ತೀರಾ ಕಡಿಮೆ. ಭಾರತ, ಚೀನಾ, ಥಾಯ್ಲೆಂಡ್, ಲಾವೋಸ್, ಟರ್ಕಿಗಳ ಗದ್ದೆಗಳಲ್ಲಿ ನಡೆದು 2012ರಲ್ಲಿ ಪ್ರಕಟವಾದ ಪ್ರಯೋಗಗಳ ಸರಾಸರಿ ಇದು: ಮಣ್ಣಿಗೆ ಕೊಟ್ಟಾಗ ಹೊಟ್ಟು ತೆಗೆದ ಕಂದು ಅಕ್ಕಿಯಲ್ಲಿ ಸತು ಏರಿದ್ದು ಶೇ 2.4, ಎಲೆಗೆ ಸಿಂಪಡಿಸಿದಾಗ ಶೇ 25. ಅದೂ ತೆನೆ ಬಂದ ಮೇಲೆ, ಕಾಳು ಹಾಲು ತುಂಬುವ ಹಂತದಲ್ಲಿ ಸಿಂಪಡಿಸಿದರೆ ಪರಿಣಾಮ ಹೆಚ್ಚು. ಮಣ್ಣಿಗೆ ಹಾಕಿದ ಸತು ಗಿಡದ ಕಾಯಿಲೆ ಗುಣಪಡಿಸುತ್ತದೆ, ಇಳುವರಿ ಕೊಡುತ್ತದೆ. ಎಲೆಗೆ ಬಿದ್ದ ಸತು ಉಣ್ಣುವವರಿಗೆ ಹೋಗುತ್ತದೆ. ಇಲ್ಲೇ ತೊಡಕು. ಸತು ಸಾಕಷ್ಟಿರುವ ಗದ್ದೆಯಲ್ಲಿ ಈ ಕೊನೆಯ ಸಿಂಪಡಣೆಯಿಂದ ರೈತನಿಗೆ ಒಂದು ಸೇರು ಭತ್ತವೂ ಹೆಚ್ಚು ಬರುವುದಿಲ್ಲ. ಬೆನ್ನಿಗೆ ಟ್ಯಾಂಕ್ ಕಟ್ಟಿಕೊಂಡು, ಆಳಿಗೆ ಕೂಲಿ ಕೊಟ್ಟು, ಯಾರದೋ ಮನೆಯ ಮಗುವಿನ ಎತ್ತರಕ್ಕಾಗಿ ಅವನೇಕೆ ಗದ್ದೆಗಿಳಿಯಬೇಕು?

ಆದ್ದರಿಂದಲೇ ಬೀಜದೊಳಗೇ ಸತು ಇಟ್ಟುಬಿಡುವ ಯೋಚನೆ ಬಲಗೊಂಡಿತು. ಒಮ್ಮೆ ತಳಿ ಸಿದ್ಧವಾದರೆ ಪ್ರತಿ ವರ್ಷ ಖರ್ಚಿಲ್ಲ. ಬಾಂಗ್ಲಾದೇಶ 2013ರಲ್ಲಿ ಸತುವಿನ ಭತ್ತ ಬಿಡುಗಡೆ ಮಾಡಿತು. ಹೈದರಾಬಾದಿನ ಭಾರತೀಯ ಭತ್ತ ಸಂಶೋಧನಾ ಸಂಸ್ಥೆಯ ಡಿಆರ್‌ಆರ್ ಧಾನ್ 45 ಬಂದದ್ದು 2016ರಲ್ಲಿ. ಶಿಫಾರಸಾದ ರಾಜ್ಯಗಳಲ್ಲಿ ಕರ್ನಾಟಕವೂ ಇದೆ. ಸಾಮಾನ್ಯ ತಳಿಗಳ ಪಾಲಿಶ್ ಅಕ್ಕಿಯಲ್ಲಿ ಕೆಜಿಗೆ 12ರಿಂದ 16 ಮಿಲಿಗ್ರಾಂ ಸತು ಇದ್ದರೆ ಇದರಲ್ಲಿ 22.6. ಮತ್ತೆ ಅದೇ 300 ಗ್ರಾಂ ಲೆಕ್ಕದಲ್ಲಿ ಹೆಚ್ಚುವರಿಯಾಗಿ ಸಿಗುವುದು ಎರಡೂವರೆ ಮಿಲಿಗ್ರಾಮಿನ ಆಸುಪಾಸು. ವಯಸ್ಕ ಹೆಂಗಸಿಗೆ ದಿನಕ್ಕೆ 13, ಗಂಡಸಿಗೆ 17 ಮಿಲಿಗ್ರಾಂ ಬೇಕೆಂದು ಹೈದರಾಬಾದಿನದೇ ಪೌಷ್ಟಿಕತೆ ಸಂಸ್ಥೆ ಹೇಳುತ್ತದೆ. ದೊಡ್ಡ ಪವಾಡವಲ್ಲ, ಆದರೆ ಬಿಟ್ಟಿ ಬಂದದ್ದು. ಬಿಟ್ಟಿ ಎಂದೆ, ಪೂರ್ತಿ ಹಾಗಲ್ಲ: ಸತುವೇ ಇಲ್ಲದ ಮಣ್ಣಿನಲ್ಲಿ ಈ ಬೀಜ ಬಿತ್ತಿದರೆ ಜೀನು ಎಲ್ಲಿಂದ ತಂದೀತು?

ಬಾಂಗ್ಲಾದೇಶದ ಚಿಕ್ಕ ಮಕ್ಕಳಿಗೆ ಒಂಬತ್ತು ತಿಂಗಳು ಸತುವಿನ ಅಕ್ಕಿ ಉಣಿಸಿದ ಪ್ರಯೋಗದ ಫಲಿತಾಂಶ 2022ರಲ್ಲಿ ಬಂತು. ರಕ್ತದ ಸತು ಏರಿರಲಿಲ್ಲ. ತಳಿ ಸಂವರ್ಧಕರ ಪ್ರಚಾರಪತ್ರಗಳಲ್ಲಿ ಇದು ಸುಲಭಕ್ಕೆ ಕಾಣುವುದಿಲ್ಲ. ರಕ್ತದಲ್ಲಿ ಅಳೆಯುವ ಸತು ಅಷ್ಟು ಒಳ್ಳೆಯ ಸೂಚಕವಲ್ಲ ಎಂಬ ವಾದವೂ ಇದೆ, ನಿಜ. ಆದರೂ ಕಾಳಿನಲ್ಲಿ ಇರುವುದು ಬೇರೆ, ಮೈಗೆ ಹತ್ತುವುದು ಬೇರೆ.

ಕಬ್ಬಿಣದ ಮೊದಲ ದೊಡ್ಡ ಪರೀಕ್ಷೆ ನಡೆದದ್ದು ಮನಿಲಾದ ಸುತ್ತಲಿನ ಹತ್ತು ಕಾನ್ವೆಂಟ್‌ಗಳಲ್ಲಿ. ಒಂದೇ ಅಡುಗೆಮನೆ, ಅಳೆದು ಬಡಿಸುವ ಶಿಸ್ತು, ಹೊರಗಡೆ ತಿನ್ನುವ ಅಭ್ಯಾಸ ಕಡಿಮೆ. ಸಂಶೋಧಕರು ಸನ್ಯಾಸಿನಿಯರನ್ನು ಆರಿಸಿಕೊಂಡದ್ದು ಜಾಣತನ. 192 ಮಂದಿ ಒಂಬತ್ತು ತಿಂಗಳು, ಯಾವುದು ಯಾವ ಅಕ್ಕಿ ಎಂದು ತಿಳಿಯದೆ ಉಂಡರು. ಒಂದು ಅಕ್ಕಿಯಲ್ಲಿ ಕೆಜಿಗೆ 3.21 ಮಿಲಿಗ್ರಾಂ ಕಬ್ಬಿಣ, ಇನ್ನೊಂದರಲ್ಲಿ 0.57. ರಕ್ತಹೀನತೆ ಇಲ್ಲದವರಲ್ಲಿ ದೇಹದ ಕಬ್ಬಿಣದ ದಾಸ್ತಾನು ಹೆಚ್ಚಿತು, ಹಿಮೋಗ್ಲೋಬಿನ್ ಮಾತ್ರ ಕದಲಲಿಲ್ಲ. 2005ರ ಈ ವರದಿಯ ನಂತರ ಒಂದು ಮಾತು ಖಚಿತವಾಯಿತು: ಸಾಮಾನ್ಯ ತಳಿ ಸಂಕರಣದಿಂದ ಪಾಲಿಶ್ ಅಕ್ಕಿಗೆ ತುಂಬಬಹುದಾದ ಕಬ್ಬಿಣ ಅಷ್ಟಕ್ಕಷ್ಟೆ. ಕಬ್ಬಿಣ ಕೂರುವುದೇ ತೌಡಿನ ಪದರದಲ್ಲಿ. ಸತು ಹಾಗಲ್ಲ, ತಿರುಳಿನೊಳಕ್ಕೂ ಇಳಿದಿರುತ್ತದೆ. ಆದ್ದರಿಂದ ಸತುವಿನಲ್ಲಿ ಗೆದ್ದ ದಾರಿ ಕಬ್ಬಿಣದಲ್ಲಿ ಸೋತಿತು. ಜೀನ್ ಕಸಿ ಮಾಡಿ ಕಬ್ಬಿಣವನ್ನು ಕೆಜಿಗೆ 15 ಮಿಲಿಗ್ರಾಮಿಗೆ ಏರಿಸಿದ ಭತ್ತ 2016ರಲ್ಲೇ ಸಿದ್ಧವಾಗಿದೆ. ಆದರೆ ಜೀನ್ ಕಸಿಯ ಬೆಳೆ ಎಂದೊಡನೆ ಏನಾಗುತ್ತದೆ ಎಂಬುದಕ್ಕೆ ಬಂಗಾರದ ಅಕ್ಕಿಯನ್ನು ನೋಡಿ: 2000ದಲ್ಲಿ ಜಗತ್ತಿಗೆ ಪರಿಚಯವಾದದ್ದು, ಫಿಲಿಪೀನ್ಸ್‌ನಲ್ಲಿ 2021ರಲ್ಲಿ ಅನುಮತಿ ಪಡೆಯಿತು, 2024ರಲ್ಲಿ ಅಲ್ಲಿನ ನ್ಯಾಯಾಲಯ ಅದನ್ನು ರದ್ದು ಮಾಡಿತು.

ತೌಡಿನ ಮಾತು ಬಂದರೆ ಕರಾವಳಿಯನ್ನು ಬಿಡಲಾಗದು. ಉಡುಪಿ, ದಕ್ಷಿಣ ಕನ್ನಡದವರ ಕುಚ್ಚಲಕ್ಕಿಯ ಕೆಂಪು ಇರುವುದು ಕಾಳಿನ ಹೊರಪದರದಲ್ಲಿ. ಮೂಲದ ಕಾಡುಭತ್ತವೂ ಕೆಂಪೇ. ಆರ್‌ಸಿ ಎಂಬ ಜೀನಿನಲ್ಲಿ ಕೇವಲ 14 ಅಕ್ಷರಗಳು ಕಳಚಿಬಿದ್ದದ್ದರಿಂದ ಅಕ್ಕಿ ಬೆಳ್ಳಗಾಯಿತೆಂದು 2006ರಲ್ಲಿ ಗೊತ್ತಾಯಿತು. ಜಗತ್ತಿನ ಬಿಳಿಯಕ್ಕಿಯ ಬಹುಪಾಲು ತಳಿಗಳಲ್ಲಿ ಕಾಣುವುದು ಅದೇ ಒಂದು ಕಳಚು. ಎಂದೋ ಯಾರದೋ ಕಣ್ಣಿಗೆ ಬಿಳಿ ಚೆಂದ ಕಂಡಿತು, ಆ ಬೀಜ ಊರೂರು ತಿರುಗಿತು. ಇನ್ನು ಭತ್ತವನ್ನು ಕುದಿಸಿ ಒಣಗಿಸುವ ಕ್ರಮ. ಕುದಿಯುವಾಗ ತೌಡಿನ ಬಿ-1 ಜೀವಸತ್ವ ತಿರುಳಿಗೆ ಇಳಿಯುತ್ತದೆ, ಆಮೇಲೆ ಪಾಲಿಶ್ ಮಾಡಿದರೂ ಪೂರ್ತಿ ಹೋಗುವುದಿಲ್ಲ. ಬಿಳಿಯಕ್ಕಿ ತಿಂದು ಬೆರಿಬೆರಿಯಿಂದ ಕಾಲು ಸೋತವರ ನಾಡುಗಳಲ್ಲಿ ಕುಚ್ಚಲಕ್ಕಿ ಉಂಡವರು ಪಾರಾಗಿದ್ದರು. ಇದು ಗೊಬ್ಬರದ್ದೂ ಅಲ್ಲ ಜೀನಿನದ್ದೂ ಅಲ್ಲ, ಹಂಡೆಯ ಕೆಲಸ.

ಸಕ್ಕರೆ ಕಾಯಿಲೆಯವರು ಕೇಳುವ ಪ್ರಶ್ನೆಗೆ ಮಾತ್ರ ಜೀನೇ ಬಹುಪಾಲು ಉತ್ತರ. ಪಿಷ್ಟದಲ್ಲಿ ಅಮೈಲೋಸ್ ಎಷ್ಟೆಂಬುದನ್ನು ವ್ಯಾಕ್ಸಿ ಎಂಬ ಜೀನ್ ಹಿಡಿದಿಟ್ಟಿದೆ. ಅಮೈಲೋಸ್ ಹೆಚ್ಚಿದ್ದರೆ ಅನ್ನ ಉದುರುದುರು, ರಕ್ತಕ್ಕೆ ಸಕ್ಕರೆ ನಿಧಾನ. 235 ತಳಿಗಳನ್ನು ನೋಡಿದ ಅಧ್ಯಯನವೊಂದರಲ್ಲಿ ಗ್ಲೈಸಿಮಿಕ್ ಸೂಚ್ಯಂಕ 48ರಿಂದ 92ರವರೆಗೂ ಇತ್ತು. ಎಲ್ಲ ಅಕ್ಕಿಯೂ ಒಂದೇ ಎಂದು ಬೈಯುವ ವೈದ್ಯರೂ, ಸೋನಾ ಎಂದರೆ ಸಾಕು ಎಂದು ನಂಬಿಸುವ ಜಾಹೀರಾತುಗಳೂ ಈ ಅಂತರವನ್ನು ಗಮನಿಸಬೇಕು.

ಗಾಳಿಯೂ ಈಗ ಈ ಲೆಕ್ಕದೊಳಗೆ ಬಂದಿದೆ. ಜಪಾನ್ ಮತ್ತು ಚೀನಾದ ತೆರೆದ ಗದ್ದೆಗಳಲ್ಲಿ, ಈ ಶತಮಾನದ ಉತ್ತರಾರ್ಧದಲ್ಲಿ ಬರಬಹುದಾದಷ್ಟು ಇಂಗಾಲದ ಡೈಆಕ್ಸೈಡ್ ಹಾಯಿಸಿ 18 ತಳಿ ಬೆಳೆದರು. 2018ರ ವರದಿಯಂತೆ ಪ್ರೋಟೀನ್ ಸರಾಸರಿ ಶೇ 10.3, ಕಬ್ಬಿಣ ಶೇ 8, ಸತು ಶೇ 5.1 ಇಳಿದವು. ತಳಿ ಸಂವರ್ಧಕರು ಹತ್ತು ವರ್ಷ ದುಡಿದು ತುಂಬಿದ್ದರಲ್ಲಿ ಒಂದಿಷ್ಟನ್ನು ಹೊಗೆ ತಿಂದುಹಾಕುತ್ತದೆ.

ಸರ್ಕಾರ ಹಿಡಿದದ್ದು ಕಾರ್ಖಾನೆಯ ದಾರಿ. ಅಕ್ಕಿಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ-12 ಬೆರೆಸಿ ಕಾಳಿನ ಆಕಾರಕ್ಕೆ ಒತ್ತಿ, ನೂರು ಕಾಳಿಗೆ ಒಂದರಂತೆ ಪಡಿತರದಲ್ಲಿ ಸೇರಿಸುವುದು. ನಮ್ಮ ಹಳ್ಳಿಗಳಲ್ಲಿ ಅದನ್ನು ‘ಪ್ಲಾಸ್ಟಿಕ್ ಅಕ್ಕಿ’ ಎಂದು ಹೆಕ್ಕಿ ಎಸೆದವರಿದ್ದಾರೆ. ಫಿನ್ಲೆಂಡ್ ಬೇರೆ ದಾರಿ ಹಿಡಿದಿತ್ತು. ಅಲ್ಲಿನ ಮಣ್ಣಿನಲ್ಲಿ ಸೆಲೆನಿಯಂ ಸಿಗದು. 1984ರಿಂದ ಸರ್ಕಾರವೇ ರಸಗೊಬ್ಬರದೊಳಗೆ ಸೆಲೆನಿಯಂ ಬೆರೆಸಲು ಕಟ್ಟಳೆ ಮಾಡಿತು. ಗೋಧಿಯಿಂದ, ಹಾಲಿನಿಂದ, ಮಾಂಸದಿಂದ ಅದು ಜನರ ರಕ್ತಕ್ಕೆ ಸೇರಿತು. ಬೆಳೆಗೆ ಅದರಿಂದ ಲಾಭವಿರಲಿಲ್ಲ. ಉಣ್ಣುವವರಿಗಾಗಿ ಗೊಬ್ಬರದ ಸೂತ್ರವನ್ನೇ ಬದಲಿಸಿದರು.

ಇಲ್ಲಿ ಭತ್ತ ಕೊಳ್ಳುವಾಗ ಸರ್ಕಾರ ನೋಡುವುದೇನು? ತೇವ ಶೇ 17 ಮೀರಬಾರದು. ಕಸಕಡ್ಡಿ, ಜೊಳ್ಳು, ಬಣ್ಣಗೆಟ್ಟ ಕಾಳುಗಳಿಗೆ ಒಂದೊಂದು ಮಿತಿ. ಕಾಳಿನ ಉದ್ದ ಅಗಲದ ಅನುಪಾತ 2.5 ಮುಟ್ಟಿದರೆ ‘ಎ’ ದರ್ಜೆ. 2025–26ರ ಬೆಂಬಲ ಬೆಲೆಯಲ್ಲಿ ಸಾಮಾನ್ಯ ಭತ್ತಕ್ಕೆ ಕ್ವಿಂಟಲಿಗೆ 2,369 ರೂಪಾಯಿ, ‘ಎ’ ದರ್ಜೆಗೆ 2,389. ಕಾಳು ಸಪೂರ ಇದ್ದದ್ದಕ್ಕೆ 20 ರೂಪಾಯಿ ಹೆಚ್ಚು. ಅದರೊಳಗೆ ಸತು ಇದ್ದದ್ದಕ್ಕೆ, ಪ್ರೋಟೀನ್ ಇದ್ದದ್ದಕ್ಕೆ ಒಂದು ಪೈಸೆಯೂ ಇಲ್ಲ. ಹೀಗಿರುವಾಗ ರೈತ ಕೊನೆಯ ಸಿಂಪಡಣೆ ಮಾಡಲಿಲ್ಲ, ಹೊಸ ತಳಿ ಬಿತ್ತಲಿಲ್ಲ ಎಂದು ಕೃಷಿ ಇಲಾಖೆ ಗೊಣಗುವುದರಲ್ಲಿ ಅರ್ಥವಿಲ್ಲ.

ಅದೇ 20 ರೂಪಾಯಿಯನ್ನು ಸತುವಿನ ಭತ್ತಕ್ಕೂ ಕೊಟ್ಟು ನೋಡಬಹುದು. ರಾಜ್ಯದ ತುಂಬ ಬೇಡ. ಈ ಅಕ್ಕಿಗೆ ಕೆಂಪಕ್ಕಿಯ ಹಾಗೆ ಬಣ್ಣವಿಲ್ಲ, ಜೀರಿಗೆ ಸಣ್ಣದ ಹಾಗೆ ಪರಿಮಳವಿಲ್ಲ. ದೊಡ್ಡ ಮಿಲ್ಲಿನ ರಾಶಿಯಲ್ಲಿ ಸೇರಿತೆಂದರೆ ಮತ್ತೆ ಯಾರೂ ಅದನ್ನು ಹುಡುಕಲಾರರು. ಆದ್ದರಿಂದ ಮಂಡ್ಯದಲ್ಲೋ ರಾಯಚೂರಿನಲ್ಲೋ ಒಂದು ತಾಲ್ಲೂಕು ಆರಿಸಿಕೊಳ್ಳಬೇಕು. ಅಲ್ಲಿಯ ರೈತರಿಗೆ ಬೀಜ ಕೊಟ್ಟು, ಬಿತ್ತುವ ಮುಂಚೆ ಮಣ್ಣಿನ ಸತು ಪರೀಕ್ಷಿಸಿ, ಬೆಳೆದದ್ದನ್ನು ಅಲ್ಲಿಯದೇ ಸಣ್ಣ ಮಿಲ್ಲಿನಲ್ಲಿ ಬೇರೆಯಾಗಿ, ಹಗುರ ಪಾಲಿಶಿನಲ್ಲಿ ಅಕ್ಕಿ ಮಾಡಿಸಬೇಕು. ಅದೇ ತಾಲ್ಲೂಕಿನ ಅಂಗನವಾಡಿ, ಹಾಸ್ಟೆಲುಗಳಿಗೆ ಅದನ್ನು ಕಳಿಸಬೇಕು. ಮೊದಲ ಎರಡು ಹಂಗಾಮಿನಲ್ಲಿ ಅಡುಗೆಯವರ ತಕರಾರು ಬರುವುದಿದ್ದರೆ ಅದು ಪಾಲಿಶ್ ಕಡಿಮೆಯಾದದ್ದರ ಬಗ್ಗೆಯೇ ಇರುತ್ತದೆ: ಬೇಯಲು ಹೊತ್ತು ಬೇಕು, ನೀರು ತುಸು ಹೆಚ್ಚು ಬೇಕು. ಗ್ಯಾಸಿನ ಆ ಹೆಚ್ಚಿನ ಖರ್ಚನ್ನೂ ಯೋಜನೆಯ ಲೆಕ್ಕದಲ್ಲಿ ಮೊದಲೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು.